ಅಳಿಯನಿಗೆ ಕಾಸಿದ ನೀರು

ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಸೈಬರ್ ಅಂಗಡಿ ಇತ್ತು. 2010 ದಾಟಿದ ಮೇಲಿನ ಮಾತು. ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ನಾನೇ ಬರೆದಿದ್ದೆ: ‘ಯಾರು ಕೇಳಿದರೂ ಓಟಿಪಿ ಹೇಳಬೇಡಿ.’ ಹಬ್ಬ ಹತ್ತಿರ ಬಂದರೆ ಮೋಸಗಾರರಿಗೆ ಸುಗ್ಗಿ ಎಂದು ಬಂದವರಿಗೆಲ್ಲ ಭಾಷಣ ಬೇರೆ. ಕೇಳದೆ ಹೋದವರನ್ನು ಮನಸ್ಸಿನಲ್ಲೇ ದಡ್ಡರ ಪಟ್ಟಿಗೆ ಸೇರಿಸುತ್ತಿದ್ದೆ.

ಆ ವರ್ಷ ಹೆಮ್ಮಾಡಿಯಲ್ಲಿದ್ದ ನನ್ನ ಅಕ್ಕನ ಮಗಳಿಗೆ ಮದುವೆಯಾಗಿ ಮೊದಲ ದೀಪಾವಳಿ. ಮುಂಬಯಿಯಲ್ಲಿ ಹೋಟೆಲು ನಡೆಸುವ ಹೊಸ ಅಳಿಯ ಹೆಂಡತಿಯನ್ನು ಕರೆದುಕೊಂಡು ಅಲ್ಲಿಂದ ಎಣ್ಣೆಸ್ನಾನಕ್ಕೆ ಬರಲೇಬೇಕು. ಅಕ್ಕ ತಿಂಗಳ ಮೊದಲೇ ಹಂಡೆ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ಬಸ್ಸುಗಳೆಲ್ಲ ಭರ್ತಿ. ಟಿಕೆಟ್ಟಿನ ಜವಾಬ್ದಾರಿ ನನಗೆ ಬಂತು. ಕಂಪ್ಯೂಟರ್ ಕಲಿತವನಲ್ಲವೇ!

ಹುಡುಕಿದೆ. ‘ಹಬ್ಬಕ್ಕೆ ವಿಶೇಷ ಬಸ್ಸು’ ಎಂಬ ಪುಟ ಸಿಕ್ಕಿತು, ಕೆಳಗೊಂದು ನಂಬರು. ಫೋನ್ ಮಾಡಿದರೆ ಹಿಂದಿಯಲ್ಲಿ ಮಾತು. ನನಗೂ ಅನುಮಾನ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಎಲ್ಲಿಗೆ ಎಂದು ಅವನು ಕೇಳಿದ. ನಾನು ಊರು ಹೇಳಿದ್ದೇ ತಡ, ಆಚೆಯ ದನಿ ಬದಲಾಯಿತು.

“ಎಂತ ಮಾರ್ರೆ, ಕುಂದಾಪ್ರದರಾ? ನಂದ್ ಗಂಗೊಳ್ಳಿ ಕಾಣಿ. ಹಬ್ಬಕ್ಕೆ ಊರಿಗ್ ಹೋಪರನ್ನ ದಾರಿ ಮೇಲ್ ಬಿಡುಕಾತ್ತಾ?”

ಪಕ್ಕದೂರಿನವನು! ಮುಗಿಯಿತು ನನ್ನ ಕಥೆ. ನಮ್ಮ ಜನರ ಹಣೆಬರಹವೇ ಇದು. ಮುಂಬಯಿಯಲ್ಲಿ ಯಾರಾದರೂ ನಮ್ಮೂರ ಮಾತಿನಲ್ಲಿ ‘ಹ್ವಾಯ್’ ಎಂದು ಕರೆದರೆ ಸಾಕು, ಕಿಸೆ, ಮನೆ, ಮನಸ್ಸು ಎಲ್ಲ ತೆರೆದಿಡುತ್ತೇವೆ. ನಮ್ಮ ಭಾಷೆಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಅನ್ನುವ ಹಾಗೆ! ಈ ಸಲ ಬಂಗುಡೆ ಹೇಗಿದೆ ಎಂದು ಅವನು ಕೇಳಿದ, ನಾನು ವಿವರವಾಗಿ ಹೇಳಿದೆ. ಮೀನು ಮಾರುವವಳ ಮುಂದೆ ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಕೊಳ್ಳದ ಮನುಷ್ಯ ನಾನು. ಟಿಕೆಟ್ಟಿನ ದುಡ್ಡು ಕಟ್ಟುವಾಗ ಬಂದ ಓಟಿಪಿಯನ್ನು ಗೋಡೆಯ ಅದೇ ಕೆಂಪು ಬರಹದ ಕೆಳಗೆ ನಿಂತು, ಅವನಿಗೆ ಸರಿಯಾಗಿ ಕೇಳಲಿ ಎಂದು ಎರಡೆರಡು ಸಲ ಓದಿದೆ.

ಬಸ್ಸಿನ ನಂಬರು ಸಮೇತ ಟಿಕೆಟು ಬಂತು. ಬಸ್ಸು ಮಾತ್ರ ಬರಲಿಲ್ಲ. ಹಬ್ಬದ ಹಿಂದಿನ ದಿನ ಗಂಡ ಹೆಂಡತಿ ಮುಂಬಯಿಯ ರಸ್ತೆ ಬದಿಯಲ್ಲಿ ಸಾಯಂಕಾಲದವರೆಗೆ ಕಾದರು. ಬೇರೆ ಬಸ್ಸಿನ ಕಂಡಕ್ಟರು ಟಿಕೆಟು ನೋಡಿ, ಹೀಗೆ ಮೋಸಹೋದವರು ಇವತ್ತು ನೀವೇ ಮೊದಲಲ್ಲ ಎಂದನಂತೆ. ಹುಡುಗಿ ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಿದ್ದಳು. ಆ ನಂಬರಿಗೆ ನಾನು ಫೋನ್ ಮಾಡಿ ಮಾಡಿ ಸೋತೆ. ಊರವನು ಎತ್ತಲಿಲ್ಲ.

ಬೆಳಿಗ್ಗೆ ಹೆಮ್ಮಾಡಿಗೆ ಹೋದೆ, ಬೈಸಿಕೊಳ್ಳುವುದಕ್ಕೇ. ಹೂ ಸುತ್ತಿ ನೀರು ತುಂಬಿಸಿದ ಹಂಡೆಯನ್ನು ಹಬ್ಬದ ದಿನ ಸುಮ್ಮನೆ ಬಿಡಬಾರದೆಂದು ಅಕ್ಕ ಒಲೆ ಹೊತ್ತಿಸಿದ್ದಳು. ನನ್ನನ್ನು ನೋಡಿ ಬೈಯಲಿಲ್ಲ. ಅಳಿಯನಿಗೆಂದು ರಂಗೋಲಿ ಬರೆದಿಟ್ಟ ಮಣೆ ತೋರಿಸಿದಳು.

“ಕಾಸಿದ್ ನೀರ್ ಚೆಲ್ಲುಕಾತ್ತಾ? ಕೂಕೋ.”

ಕೂತೆ. ನೆತ್ತಿಗೆ ಎಣ್ಣೆ ತಟ್ಟುತ್ತ ಅವಳು ಮೂಗು ಸೆಳೆದುಕೊಂಡಳು. ಅವಳು ಅಳುತ್ತಿದ್ದಾಳೆ ಎಂದು ತಿರುಗಿ ನೋಡದೆಯೇ ಗೊತ್ತಾಯಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಆಮೇಲೆ ಸುಡುಸುಡು ನೀರನ್ನು ತಂಬಿಗೆ ತಂಬಿಗೆ ಹೊಯ್ದಳು. ಬಿಸಿಯಾಯಿತು ಅನ್ನುವ ಬಾಯಿ ನನಗಿರಲಿಲ್ಲ.

ಮಿಂದು ಬಂದಾಗ ಕುರ್ಚಿಯ ಮೇಲೆ ಅಳಿಯನ ಹೊಸ ಪಂಚೆ ಮಡಚಿಟ್ಟಿತ್ತು. ಅಕ್ಕ ಅದನ್ನೆತ್ತಿ ಪೆಟ್ಟಿಗೆಯಲ್ಲಿಟ್ಟು, ನನಗೆ ಸುತ್ತಿಕೊಳ್ಳಲು ಒಂದು ಹಳೆಯ ಬೈರಾಸು ಕೊಟ್ಟಳು.