ಚೌಡಮ್ಮನ ಸೀರೆಗೆ ಮೂರು ಮೊಳ

ಚಿಟ್.

ಮೊದಲು ಮಗ್ಗದ ಸದ್ದು ನಿಲ್ಲುತ್ತಿತ್ತು, ಆಮೇಲೆ ಈ ಸಣ್ಣ ಸದ್ದು, ಆಮೇಲೆ ಚೊಂಬಿನಿಂದ ಒಂದು ಗುಟುಕು ನೀರು. ಸ್ವಲ್ಪ ಹೊತ್ತಿಗೆ ಮಗ್ಗ ಮತ್ತೆ ಆಡುತ್ತಿತ್ತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವ ಗಂಗಾದೇವಿ ಇದನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಅತ್ತೆ ಮರೆಯದೆ ಮಾತ್ರೆ ನುಂಗಿದರು ಎಂದು ಅವಳಿಗೆ ಸಮಾಧಾನ.

ಅತ್ತೆ ಪದ್ಮಾವತಮ್ಮ ಕಲ್ಯಾಣದುರ್ಗದ ನೇಕಾರರ ಮನೆಯ ಮಗಳು. ಹದಿನೈದಕ್ಕೆ ಮದುವೆಯಾಗಿ ಹಿಂದೂಪುರಕ್ಕೆ ಬಂದ ವಾರದಲ್ಲೇ ಗುಂಡಿ ಮಗ್ಗಕ್ಕೆ ಕಾಲು ಇಳಿಬಿಟ್ಟವರು. ನಲವತ್ತು ವರ್ಷ ತುಳಿದು ತುಳಿದು ಬಲಸೊಂಟದ ಕೀಲು ಸವೆಯಿತು. ಸಾವಿರದ ಒಂಬೈನೂರ ತೊಂಬತ್ತಮೂರರ ಹೊತ್ತಿಗೆ ತೊಲೆಗೆ ಕಟ್ಟಿದ ಹಗ್ಗ ಹಿಡಿಯದೆ ಮಗ್ಗದಿಂದ ಮೇಲೇಳಲು ಆಗುತ್ತಿರಲಿಲ್ಲ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ ಹತ್ತು ಮಂದಿಗೆ ಧರ್ಮಾರ್ಥವಾಗಿ ಲೋಹದ ಕೀಲು ಹಾಕುತ್ತಿದ್ದರು. ಆ ಪಟ್ಟಿಯಲ್ಲಿ ಪದ್ಮಾವತಮ್ಮನ ಹೆಸರು ಬಂತು, ತಾರೀಕೂ ಬಂತು. ಅಡ್ಡ ನಿಂತದ್ದು ರಕ್ತ. ಹಿಂದೂಪುರದ ಡಾಕ್ಟರು ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳೂವರೆ ಇತ್ತು. ಹತ್ತು ದಾಟದಿದ್ದರೆ ಆಪರೇಷನ್ ಇಲ್ಲ ಎಂದರು. ಕಬ್ಬಿಣದ ಮಾತ್ರೆ ಬರೆದು ಮೂರು ತಿಂಗಳ ಗಡುವು ಕೊಟ್ಟರು. ಅದನ್ನು ನುಂಗಿದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂದೂ ಹೇಳಿದರು.

ಮನೆಗೆ ಬಂದವರೇ ಪದ್ಮಾವತಮ್ಮ ಚೌಡಮ್ಮನಿಗೆ ಹರಕೆ ಹೊತ್ತರು. ಆಪರೇಷನ್‌ಗೆ ಹೋಗುವ ಮುಂಚೆ ತಾನೇ ನೇಯ್ದ ರೇಷ್ಮೆ ಸೀರೆಯನ್ನು ದೇವಿಗೆ ಉಡಿಸುವುದು, ಬೇರೆಯವರ ಕಾಲು ಆ ಮಗ್ಗಕ್ಕೆ ಇಳಿಯಬಾರದು. ತಾನು ನೇಯುತ್ತೇನೆಂದು ಗಂಗಾದೇವಿ ಎಷ್ಟು ಬೇಡಿಕೊಂಡರೂ ಬಿಟ್ಟುಕೊಡಲಿಲ್ಲ.

ಮೂರು ತಿಂಗಳ ಮೇಲೆ ಡಾಕ್ಟರು ಚೀಟಿ ನೋಡಿದರು. ಆರೂ ಮುಕ್ಕಾಲು.

"ಏರಬೇಕಾಗಿದ್ದು ಇಳಿದಿದೆಯಲ್ಲಮ್ಮ. ನಿಮ್ಮ ರಕ್ತ ಯಾರು ಕುಡೀತಿದ್ದಾರೆ?"

"ಹಿಂದೂಪುರದ ಸೊಳ್ಳೆನೇ ಇರಬೇಕು ಸ್ವಾಮಿ," ಎಂದರು ಪದ್ಮಾವತಮ್ಮ.

ಗಂಗಾದೇವಿಗೆ ನಗು ಬರಲಿಲ್ಲ. "ಮೂರು ಹೊತ್ತೂ ನುಂಗ್ತಾರೆ ಸಾರ್. ಚಿಟ್ ಅಂತ ಕಿತ್ತುಕೊಳ್ಳೋದು ಒಳಗಿಂದ ನಂಗೇ ಕೇಳಿಸ್ತದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಕೊಟ್ಟಿದ್ದು ಕಾಗದದ ಕವರಲ್ಲಿ, ಬಿಡಿ ಮಾತ್ರೆ. ದಿನಕ್ಕೆ ಒಂದು. ಅದು ಹೆಂಗೆ ಚಿಟ್ ಅಂತದಮ್ಮ?"

ಪದ್ಮಾವತಮ್ಮ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟರು. ನೋವಿನ ಮಾತ್ರೆಯ ಹಾಳೆ, ಎರಡೇ ಉಳಿದಿದ್ದವು. ಕಲ್ಯಾಣದುರ್ಗದಲ್ಲಿ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮ ಕೊಂಡಪ್ಪ ಹದಿನೈದು ದಿನಕ್ಕೊಮ್ಮೆ ತಂದುಕೊಡುತ್ತಿದ್ದ. ಅಕ್ಕನ ನರಳಾಟ ಅವನಿಗೆ ನೋಡಲಾಗುತ್ತಿರಲಿಲ್ಲ.

"ಇದಿಲ್ದೆ ಕಾಲು ತುಳಿಯಕ್ಕಾಗಲ್ಲ ಸ್ವಾಮಿ. ಹೇಳಿದ್ರೆ ಮಗ್ಗ ಬಿಡು ಅಂತೀರ ಅಂತ ಹೇಳ್ಲಿಲ್ಲ."

"ಇದು ಹೊಟ್ಟೆಯೊಳಗೆ ಹುಣ್ಣು ಮಾಡಿದೆ. ಅಲ್ಲಿಂದ ರಕ್ತ ಸೋರ್ತಿದೆ. ನಾನು ತುಂಬ್ತಾ ಇದೀನಿ, ನೀವು ಚೆಲ್ತಾ ಇದೀರ. ರಕ್ತ ಸೋರಿದ್ರೂ ಮಲ ಕಪ್ಪಗಾಗುತ್ತೆ, ಅದು ಕಬ್ಬಿಣಕ್ಕೆ ಅಂತ ನಾನೇ ಹೇಳಿ ಕಳಿಸಿದ್ದೆ." ಅವರು ಮಾತ್ರೆಯ ಹಾಳೆಯನ್ನು ಡ್ರಾಯರಿಗೆ ಹಾಕಿದರು. "ಈ ತಾರೀಕು ಸೋಮಂದೇಪಲ್ಲಿಯ ಒಬ್ಬರಿಗೆ ಹೋಗುತ್ತೆ. ಮುಂದಿನ ವರ್ಷ ನೋಡೋಣ. ಹುಣ್ಣು ಮಾಯಬೇಕು. ಈ ಮಾತ್ರೆ ಬಿಡಬೇಕು, ಮಗ್ಗಾನೂ ಬಿಡಬೇಕು."

ಮಗ್ಗದ ಮೇಲೆ ಸೀರೆ ಮೂರು ಮೊಳ ಬಾಕಿ ಇತ್ತು. ಗಂಗಾದೇವಿ ಅದಕ್ಕೆ ಹಳೆಯ ಪಂಚೆ ಹೊದಿಸಿದಳು. ಹೊಸ ಔಷಧಿ ಶುರುವಾಯಿತು. ಮಗ್ಗುಲು ಬದಲಿಸುವಾಗ ಪದ್ಮಾವತಮ್ಮ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು.

ತಿಂಗಳಾದ ಮೇಲೆ ಕೊಂಡಪ್ಪ ಬಂದ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಚಾಪೆಯ ಪಕ್ಕ ಕೂತ.

"ನಂದೇ ತಪ್ಪಕ್ಕ. ನಾನೇ ತಂದುಕೊಟ್ಟು ಹಿಂಗಾಗ್ಬುಡ್ತು."

"ನುಂಗಿದ್ದು ನಾನು ಕಣೋ. ನೀನೇನು ಬಾಯಿಗೆ ಹಾಕಿದ್ಯಾ?"

ಅವನು ಬ್ಯಾಗಿನಿಂದ ಒಂದು ಮಾತ್ರೆಯ ಹಾಳೆ ತೆಗೆದ. "ಇದು ಬೇರೆ ಕಂಪನಿದು. ಹೊಟ್ಟೆಗೆ ಏಂ ಕಾದು, ಏನೂ ಆಗಲ್ಲ ಅಂತಾನೆ ನಮ್ಮ ಸೇಟು. ಮೂರು ಮೊಳ ತಾನೆ? ದಿನಕ್ಕೊಂದು ನುಂಗಿ ಮುಗಿಸ್ಬುಡು. ಚೌಡಮ್ಮಂಗೆ ಹೇಳಿರೋ ಮಾತು ಬಾಕಿ ಇಟ್ಕೋಬಾರ್ದು ಕಣಕ್ಕ."

"ಪೋಲಮ್ಮ ನಡೀತಾಳಂತೆ."

"ಯಾವ ಪೋಲಮ್ಮ?"

"ಸೋಮಂದೇಪಲ್ಲಿಯೋಳು. ನನ್ನ ಕೀಲು ಹಾಕಿಸ್ಕೊಂಡೋಳು."

ಕೊಂಡಪ್ಪ ಬ್ಯಾಗನ್ನು ಪಕ್ಕಕ್ಕಿಟ್ಟ. ಹಾಳೆಯನ್ನು ಅಕ್ಕನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಒಂದೇ ಒಂದು ನುಂಗಕ್ಕ. ಈ ನೋವು ನಂಗೆ ನೋಡಕ್ಕಾಗಲ್ಲ. ಮೂರೇ ದಿನ, ಆಮೇಲೆ ನಾನೇ ಬಂದು ಉಳಿದಿದ್ದನ್ನೆಲ್ಲ..."

ಪದ್ಮಾವತಮ್ಮ ಹಾಳೆಯನ್ನು ಚಾಪೆಯ ಮೇಲೆ ಬಿಟ್ಟು ಕೋಲು ಊರಿ ಎದ್ದರು. ಮುಖದಲ್ಲಿ ಬೆವರು ಒಡೆಯಿತು. ಅವನು ಇನ್ನೂ ಹೇಳುತ್ತಲೇ ಇದ್ದ, ಬೆಳುಗುಪ್ಪದ ಯಾರೋ ಇದೇ ಮಾತ್ರೆ ನುಂಗಿ ಗುಣವಾದ ಸಂಗತಿ. ಪಂಚೆ ಹೊದ್ದ ಮಗ್ಗದ ಕಡೆ ಮುಖ ತಿರುಗಿಸದೆ, ಗೋಡೆ ಹಿಡಿದು, ಒಂದೊಂದು ಹೆಜ್ಜೆಗೂ ನಿಲ್ಲುತ್ತಾ, ಅವರು ಹಿತ್ತಲಿನ ಬಾಗಿಲು ದಾಟಿ ಹೋದರು.