ಐಬಿಲ್ಲದ ಗಾಳೆಪ್ಪ

ತಾವರಗೇರಾದ ಕುರಿಸಂತೆಗೆ ದಲ್ಲಾಳಿ ಗಾಳೆಪ್ಪ ಕಾಲಿಟ್ಟರೆ ಟಗರುಗಳೂ ಬಾಯಿ ಬಿಗಿಹಿಡಿಯುತ್ತವೆ. ಹಲ್ಲು ನೋಡಿ ವಯಸ್ಸು ಬಯಲು ಮಾಡುತ್ತಾನೆಂಬ ಅಂಜಿಕೆ. ಕೊಳ್ಳುವಾಗ ಅವನ ಕಣ್ಣು ತಪ್ಪಿಸಿಕೊಂಡ ಐಬು ಇಲ್ಲ: ಗೊರಸು ಸಡಿಲು, ಮೂಗು ಸೋರಿಕೆ, ಉಸಿರು ಗೊರಗೊರ. ಮಾರುವ ಹೊತ್ತಿಗೆ ಅದೇ ಕುರಿ ಸೀದಾ ಕೈಲಾಸದಿಂದ ಇಳಿದು ಬಂದಿರುತ್ತದೆ. ಈ ಎರಡೇ ಅಸ್ತ್ರಗಳಿಂದ ಅವನು ಕುಷ್ಟಗಿಯಿಂದ ಯಲಬುರ್ಗಾದವರೆಗೆ ದಿಗ್ವಿಜಯ ಮಾಡಿದವನು.

ಅಂಥ ವೀರನ ಕಿಡ್ನಿಗೆ ಕ್ಯಾನ್ಸರ್ ಬಂತು. ಒಂದು ಕಿಡ್ನಿ ತೆಗೆದರೂ ರೋಗ ಶ್ವಾಸಕೋಶಕ್ಕೆ ದಾಟಿತ್ತು. ಇದ್ದ ಔಷಧಗಳು ಸೋತವು. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಪ್ರತಿಕಾಯವೆಂಬ ಹೊಸ ಔಷಧದ ಪರೀಕ್ಷೆ ನಡೆದಿತ್ತು. ಸಲೈನ್‌ನಂತೆ ನರಕ್ಕೆ ಹರಿಸುವ ಅದು ಮೈಯೊಳಗಿನ ಕಾವಲು ಪಡೆಯನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದಂತೆ. ಸೇರಿಸಿಕೊಳ್ಳುವ ಮೊದಲು ರಕ್ತ, ಎದೆ, ತೂಕ ಎಲ್ಲ ನೋಡಿದರು. ಬಾಯಿ ತೆರೆಸಿದಾಗಲಂತೂ ಗಾಳೆಪ್ಪನಿಗೆ ಖಾತ್ರಿಯಾಯಿತು: ಇದು ಸಂತೆ, ಈ ಸಲ ಕುರಿ ತಾನೇ. ಐಬು ಕಂಡರೆ ವಾಪಸ್ ಅಟ್ಟುತ್ತಾರೆ. ಅಟ್ಟಿದರೆ ಬದುಕಿಗೆ ಬೇರೆ ದಾರಿಯಿಲ್ಲ.

ಎರಡನೆಯ ಬಾಟಲಿ ಇಳಿದ ಮೇಲೆ ಹೊಟ್ಟೆ ಕೆಟ್ಟಿತು. ನರ್ಸ್ ಶಬೀನಾ ಫೋನಿನಲ್ಲಿ ವಿಚಾರಿಸಿದರೆ, ನೀರಿನ ಚರಿಗೆ ಹಿಡಿದು ಬಯಲಿಗೆ ಹೊರಟಲ್ಲಿಂದಲೇ ಗಾಳೆಪ್ಪನ ಉತ್ತರ: "ಏನೂ ತ್ರಾಸಿಲ್ರಿ ಮೇಡಂ. ಕಲ್ಲ ತಿಂದ್ರೂ ಕರಗತೈತಿ."

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗಲೂ ಎದೆ ಉಬ್ಬಿಸಿಯೇ ಕುಳಿತ. ಹೆಂಡತಿ ಶಿವಲಿಂಗಮ್ಮನಿಗೆ ತಡೆಯಲಾಗಲಿಲ್ಲ.

"ಇವರು ಸುಳ್ಳ ಹೇಳಾಕತ್ಯಾರ್ರಿ. ಬೆಳತನಕ ಹೊರಗ ಓಡ್ಯಾಡಿ ಧೋತರ ನಿಲ್ಲವಲ್ದು."

"ನೀ ಸುಮ್ನಿರ. ಮಾರಾಕ ನಿಂತಾಗ ಯಾರರ ಐಬು ಹೇಳ್ತಾರೇನ?"

"ನಿಮ್ಮನ್ನ ಪುಕ್ಕಟೆ ಕೊಟ್ರೂ ಯಾರೂ ಒಯ್ಯಂಗಿಲ್ಲ."

ಶಬೀನಾ ನಗಲಿಲ್ಲ. "ಕಾಕಾ, ಔಷಧಿ ಎಬ್ಬಿಸಿದ ಪಡೆ ಒಮ್ಮೊಮ್ಮೆ ನಿಮ್ಮ ಕರುಳಿನ ಮ್ಯಾಲೇ ಬೀಳತೈತಿ. ಮುಚ್ಚಿಟ್ರ ಕರುಳ ತೂತ ಬಿದ್ದು ಜೀವಾನ ಹೋಗತೈತಿ. ನಾವು ನಿಮ್ಮನ್ನ ಕೊಳ್ಳಾಕ ಕುಂತಿಲ್ರಿ. ಕುರಿ ಅಂದ್ರ ಆ ಔಷಧಿ. ಅದರ ಐಬು ನೋಡಾವ್ರು ನೀವು."

ಗಾಳೆಪ್ಪ ಬಾಟಲಿ ನೇತುಹಾಕುವ ಕಂಬದತ್ತ ಬೆರಳು ಮಾಡಿದ. "ಹಂಗಾರ ಗಿರಾಕಿ ನಾನಾ? ಮದಲ ಹೇಳಬಾರದೇನ್ರಿ."

ಮೊದಲೇ ಎರಡು ಸಲ ಬಿಡಿಸಿ ಹೇಳಿದ್ದರು. ಮಾರಾಟಕ್ಕೆ ನಿಂತವನ ಕಿವಿಗೆ ಬೀಳಬೇಕಲ್ಲ.

ಆಮೇಲೆ ಕಟ್ಟೆ ಒಡೆಯಿತು. ಹೊಟ್ಟೆ ಮುರಿತ, ಬೆನ್ನ ತುರಿಕೆ, ನಾಲಿಗೆಯ ಒಣಗು, ಹೊರಗೆ ಹೋದದ್ದರ ಬಣ್ಣ ಸಹಿತ ಬಿಚ್ಚಿಟ್ಟ. ಶಬೀನಾ ಬರೆದು ಬರೆದು ಪೆನ್ನು ಬದಲಿಸಿದಳು. ಡಾಕ್ಟರು ಔಷಧ ನಿಲ್ಲಿಸಿ, ಅವನನ್ನು ಅಲ್ಲೇ ಇಟ್ಟುಕೊಂಡು ಕರುಳಿನ ಉರಿ ಇಳಿಸಲು ಬೇರೆ ಮದ್ದು ಕೊಟ್ಟರು. ನಿಂತ ಔಷಧ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ದಿಗಿಲು ಇದ್ದೇ ಇತ್ತು. ಆದರೂ ಶಬೀನಾ ಕೇಳಿದಾಗಲೆಲ್ಲ, "ಭೇದಿ ಇನ್ನೂ ಪೂರ್ತಿ ನಿಂತಿಲ್ರಿ" ಎಂದೇ ಹೇಳಿದ. ಬಾಯಿಮಾತಿನ ಬಲದಿಂದಲೇ ಬದುಕಿದವನು ತನ್ನ ಜೀವ ಪಣದಲ್ಲಿದ್ದಾಗ ನಿಜ ಹೇಳಿದನಲ್ಲ, ಅವನ ಎಲ್ಲ ದಿಗ್ವಿಜಯಗಳಿಗಿಂತ ಅದು ದೊಡ್ಡದು.

ಕರುಳು ಸುಧಾರಿಸಿತು. ಬಾಟಲಿ ಮತ್ತೆ ಏರಿತು. ಈಚಿನ ಸ್ಕ್ಯಾನಿನಲ್ಲಿ ಗಡ್ಡೆಗಳು ಸಣ್ಣವಾಗಿವೆ. ಪೂರ್ತಿ ಹೋಗಿಲ್ಲ, ಕಾದು ನೋಡೋಣ ಎಂದಿದ್ದಾರೆ ಡಾಕ್ಟರು.

ಮೊನ್ನೆ ಸಂತೆಯ ನಟ್ಟನಡುವೆ ಶಬೀನಾಳ ಫೋನ್ ಬಂತು. ತನ್ನ ಹೊಟ್ಟೆಯ ಸಕಲ ಸಮಾಚಾರವನ್ನು ಗಾಳೆಪ್ಪ ಸಂತೆಗೆಲ್ಲ ಕೇಳುವಂತೆ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಗಿರಾಕಿಯೊಬ್ಬ ಅವನ ಟಗರಿನ ಕಾಲು ಎತ್ತಿ ನೋಡತೊಡಗಿದ. ಗಾಳೆಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದ.

"ಇದರಾಗ ಒಂದರ ಐಬು ತೋರಸ್ರಿ ನೋಡೂಣು."