ಗಾಲ್ಫ್ ಆಡುತ್ತಿದ್ದ ಕೊಡೆ

ಇಂದು ಬೆಳಿಗ್ಗೆ ಭರಣಿ ಮಳೆ ಹನಿಯತೊಡಗಿದಾಗ ಬಾಗಿಲ ಹಿಂದಿನ ಮೊಳೆಗೆ ಕೈ ಹಾಕಿದೆ. ಕೈಗೆ ಬಂದದ್ದು ನನ್ನ ಕೊಡೆಯಲ್ಲ. ಉದ್ದನೆಯ ಕಪ್ಪು ಕೊಡೆ, ಬಾಗಿದ ಮರದ ಹಿಡಿ; ಹಿಡಿಯ ಹೊರಮೈಯಲ್ಲಿ ಬಣ್ಣ ಎದ್ದುಹೋಗಿ ಅಲ್ಲಲ್ಲಿ ಸಣ್ಣ ಗುಳಿಗಳು. ನೀವು ನೋಡಿದರೆ, ಯಾರೋ ಬೇಜವಾಬ್ದಾರಿಯವರು ನೆಲಕ್ಕೆ ಬಡಿದು ಹಾಳು ಮಾಡಿದ್ದಾರೆ ಎನ್ನುತ್ತೀರಿ. ಹಾಗಲ್ಲ. ಈ ಕೊಡೆ ನಾಲ್ಕು ವರ್ಷ ಅರಸೀಕೆರೆಯ ಕೆರೆ ಏರಿಯ ಮೇಲೆ ಗಾಲ್ಫ್ ಆಡಿದೆ.

ಆಡಿಸುತ್ತಿದ್ದವರು ಸರೋಜಮ್ಮ. ಇದು ಅವರ ನಿಜವಾದ ಹೆಸರಲ್ಲ. ಊರುಗಳ ಹೆಸರನ್ನು ಮಾತ್ರ ಬದಲಿಸಿಲ್ಲ. ಊರುಗಳಿಗೆ ಆ ಮರ್ಯಾದೆಯ ಅಗತ್ಯವಿಲ್ಲ.

ಸರೋಜಮ್ಮ ಮೈಸೂರಿನಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತರಾದವರು. ಅಲ್ಲಿ ಅವರ ಬಾಡಿಗೆ ಮನೆಯ ಅಡುಗೆಮನೆ ಕಿಟಕಿಗೆ ಗಾಲ್ಫ್ ಮೈದಾನದ ಬೇಲಿ ಕಾಣುತ್ತಿತ್ತಂತೆ. ಬೇಲಿಯ ಆಚೆಗೆ ಒಮ್ಮೆಯೂ ಕಾಲಿಡದೆ, ಸಾರು ಕುದಿಯುವ ಹೊತ್ತಿನಲ್ಲಿ ನೋಡಿ ನೋಡಿ ಇಡೀ ಆಟವನ್ನು ಕಲಿತಿದ್ದರು. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಜಾವಗಲ್ಲಿನ ಹತ್ತಿರ. ನಿವೃತ್ತಿಯ ಮೇಲೆ ಊರಿಗೆ ಹೋಗದೆ, ರೈಲು ಹತ್ತಿರವಿರಲೆಂದು ಅರಸೀಕೆರೆಯಲ್ಲಿ ಮನೆ ಹಿಡಿದಿದ್ದರು. ಏರಿಯ ಕೆಳಗೆ ತೆಂಗಿನ ತೋಟ. ಬಲಿಯದೆ ಉದುರಿದ ಪುಟ್ಟ ಕಾಯಿಗಳನ್ನು, ನಾವು ಹರಳು ಎನ್ನುತ್ತೇವಲ್ಲ ಅವನ್ನು, ಆರಿಸಿ ತಂದು ಕೊಡೆಯನ್ನು ತಲೆಕೆಳಗು ಹಿಡಿದು ಹೊಡೆಯುತ್ತಿದ್ದರು. ಹರಳು ಏರಿಯ ಮೇಲಿನ ಕಲ್ಲುಗಂಬದವರೆಗೆ ಉರುಳಿದರೆ ಆ ದಿನ ಶುಭ. ದಿನವೂ ಅವರ ಜೊತೆ ನಡೆಯುತ್ತಿದ್ದ ನಾನೂ ಕೊಡೆ ಇಸಿದುಕೊಂಡು ಹೊಡೆಯುವುದಿತ್ತು; ಒಮ್ಮೆ ನನ್ನ ಹರಳು ಮುಳ್ಳಿನ ಪೊದೆಗೆ ಬಿತ್ತು. ನಾನು ಬಗ್ಗಿ ಎತ್ತಲು ಹೋದೆ.

“ಏ ಟೀಚರ್, ಕೈ ಹಾಕ್ಬೇಡಿ! ಬಿದ್ದ ಕಡೆಯಿಂದ್ಲೇ ಹೊಡೀಬೇಕು. ಎತ್ತಿ ಒಳ್ಳೇ ಜಾಗದಲ್ಲಿ ಇಡೋ ಹಾಗಿಲ್ಲ.”

“ಮುಳ್ಳಿದೆಯಲ್ಲರೀ!”

“ಮುಳ್ಳಲ್ಲಿ ಬಿದ್ರೆ ಮುಳ್ಳಿಂದ್ಲೇ. ಅದೇ ಆಟ ಕಣ್ರೀ.”

ನನ್ನ ಬಗ್ಗೆಯೂ ಹೇಳಬೇಕು. ನಾನು ಹಗರೆಯ ಕಡೆಯ ಜಮೀನುದಾರರ ಮನೆಯವಳು. ಆ ಮನೆಯ ಹಿತ್ತಿಲ ಬಾಗಿಲಲ್ಲಿ ನಡೆಯುತ್ತಿದ್ದುದನ್ನೆಲ್ಲ ಕಂಡು ಬೆಳೆದು, ಹೈಸ್ಕೂಲು ಉಪಾಧ್ಯಾಯಿನಿಯಾಗಿ, ತಪ್ಪು ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯುವುದೇ ಬದುಕು ಎಂದು ನಂಬಿದವಳು. ಹೋಟೆಲಿನ ಬೇರೆ ಲೋಟ, ಬಾರದ ಪಿಂಚಣಿ, ಬಾಲ್ಯವಿವಾಹ, ಒತ್ತುವರಿಯಾದ ಕೆರೆ: ಯಾವುದನ್ನೂ ಬಿಟ್ಟಿಲ್ಲ. ನನ್ನ ಚೀಲದಲ್ಲಿ ಮನವಿಪತ್ರ ಇಲ್ಲದ ದಿನವಿಲ್ಲ. ಜನ ನನ್ನನ್ನು ಕಂಡು ರಸ್ತೆ ದಾಟುವುದನ್ನು ಅವರ ಆತ್ಮಸಾಕ್ಷಿಯ ಚುಚ್ಚುವಿಕೆ ಎಂದು ಭಾವಿಸಿದ್ದೆ. ಬೇಸರವೂ ಆಗಿರಬಹುದೆಂದು ಈಗ ಹೊಳೆಯುತ್ತದೆ.

ಸರೋಜಮ್ಮನವರೊಂದಿಗೆ ಮಾತ್ರ ನನ್ನ ಮಾತು ಬೇರೆಯಾಗಿತ್ತು. ಅಥವಾ ಅವರು ಬೇರೆಯಾಗಿಸಿದ್ದರು. ಅರಸೀಕೆರೆಯಲ್ಲಿ ಮಳೆಯ ಮಾತೆಂದರೆ ಬರುತ್ತೇನೆಂದು ಹೇಳಿ ಬಾರದ ನೆಂಟನ ಮಾತು. “ಭರಣಿ ಕೈ ಕೊಡ್ತು, ಕೃತ್ತಿಕೆನಾದ್ರೂ ನೋಡೋಣ,” ಎಂದು ಅವರು ಶುರುಮಾಡಿದರೆ, ಏರಿಯ ಕೊನೆ ಮುಟ್ಟುವುದರೊಳಗೆ ಹಿಂದಿನ ದಿನ ಓದಿದ ಕಾದಂಬರಿಯ ನಾಯಕನಿಗೆ ಬುದ್ಧಿ ಹೇಳಿ ಮುಗಿದಿರುತ್ತಿತ್ತು. ತಿರುಗಿ ಬರುವಾಗ ಪತ್ರಿಕೆಯ ಪದಬಂಧ. ಸುಳಿವನ್ನು ನಾನು ಓದುವುದು, ಉತ್ತರ ಅವರದು.

“ಬದಲಾವಣೆ. ಮೂರು ಅಕ್ಷರ,” ಎಂದೆ ಒಂದು ದಿನ. “ಕ್ರಾಂತಿ ಇರಬಹುದೆ?”

“ಕ್ರಾಂತಿ ಎರಡೇ ಅಕ್ಷರ ಕಣ್ರೀ. ಅದನ್ನ ತಂದ್ರೆ ಒಂದು ಚೌಕ ಖಾಲಿ ಉಳಿಯುತ್ತೆ. ಮಾರ್ಪಾಡು ಅಂತ ಬರೀರಿ.”

ಬರೆದೆ. ಸರಿಯಾಗಿ ಕೂತಿತು.

ಓದಲು ಶುರುಮಾಡಿ ಕೈಬಿಟ್ಟ ಪುಸ್ತಕಗಳ ಬಗ್ಗೆ ಮಾತು ಬಂದ ದಿನ ಅವರು ಒಂದು ಸಂಗತಿ ಹೇಳಿದರು. ಶಾಲೆಯಲ್ಲಿ ಬಹುಮಾನವಾಗಿ ಬಂದ ಪುಸ್ತಕ. ಅದನ್ನು ಅವರ ಕೈಗೆ ಕೊಟ್ಟ ರೀತಿ. ಅದಕ್ಕೆ ಕಾರಣವಾದ ಅವರ ಜಾತಿ. ಆ ಪುಸ್ತಕವನ್ನು ಇಂದಿಗೂ ಪೂರ್ತಿ ಓದಲಾಗದಿರುವುದು. ವಿವರವನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿ ಆಗಿದೆ. ಅವರು ನಗುತ್ತಲೇ ಹೇಳಿ, “ಹೋಗ್ಲಿ ಬಿಡಿ, ಅಡ್ಡ ಏಳು ಏನು?” ಎಂದು ಪದಬಂಧಕ್ಕೆ ಮರಳಿದ್ದರು. ನಾನು ಮರಳಲಿಲ್ಲ. ನನ್ನೊಳಗೆ ಭಾಷಣವೊಂದು ಆಗಲೇ ಎದ್ದು ನಿಂತಿತ್ತು.

ರಾಗಿ ತೆನೆ ಕಟ್ಟುವ ಕಾಲದಲ್ಲಿ ಹಳೇಬೀಡಿನಲ್ಲಿ ಸಮಾನತೆಯ ಸಭೆಯೊಂದಿತ್ತು. “ಬನ್ನಿ, ಸಭೆ ಮುಗಿಸಿ ಅಲ್ಲಿಯ ಕೆರೆ ದಂಡೆಯ ಮೇಲೆ ನಡೆಯೋಣ,” ಎಂದು ಸರೋಜಮ್ಮನವರನ್ನು ಕರೆದೊಯ್ದೆ. ಅವರು ನಡೆಯಲು ಬಂದಿದ್ದರು, ಕೊಡೆ ಹಿಡಿದು. ನಾನು ವೇದಿಕೆ ಹತ್ತಿ ಆ ಸಂಗತಿಯನ್ನು ಹೇಳಿದೆ. ಶಾಲೆಯ ಊರನ್ನು ಹೇಳಿದೆ, ಜಾತಿಯನ್ನು ಹೇಳಿದೆ, ಕೊನೆಗೆ ಅವರ ಹೆಸರು ಹಿಡಿದು, “ಆ ಬಾಲಕಿ ಇಂದು ನಮ್ಮ ನಡುವೆಯೇ ಇದ್ದಾರೆ, ದಯವಿಟ್ಟು ಎದ್ದು ನಿಲ್ಲಿ,” ಎಂದೆ. ಸರೋಜಮ್ಮ ನಿಂತರು. ಕೊಡೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದರು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಅನೇಕರು ಫೋನು ಎತ್ತಿ ಹಿಡಿದಿದ್ದರು. ನನ್ನ ಕಣ್ಣು ತುಂಬಿತ್ತು. ನನ್ನ ಮಾತಿಗೆ ನಾನೇ ಅತ್ತಿದ್ದೆ.

ಅಂದು ನಾವು ಕೆರೆ ದಂಡೆಗೆ ಹೋಗಲಿಲ್ಲ. “ಕಾಲು ನೋವು,” ಎಂದರು. ಬಸ್ಸು ಜಾವಗಲ್ ದಾಟುವಾಗ ಕಿಟಕಿಯಾಚೆ ನೋಡುತ್ತ, “ರಾಗಿ ಚೆನ್ನಾಗಿ ಬಂದಿದೆ,” ಎಂದರು. ಅಷ್ಟೇ. ಆ ಮೌನವನ್ನು ನಾನು ಕೃತಜ್ಞತೆ ಎಂದು ತಿಳಿದೆ. ಇಳಿದು ಅವರು ಆಟೋ ಹತ್ತುವಾಗ ಕೊಡೆ ನನ್ನ ಚೀಲದ ಜೊತೆಯೇ ಉಳಿಯಿತು.

ವಿಡಿಯೋ ನಮಗಿಂತ ಬೇಗ ಊರು ಸೇರಿತ್ತು. ಅವರ ಮನೆ ಒಡತಿ ಕೊಬ್ಬರಿ ವ್ಯಾಪಾರದ ಮನೆಯವಳು. ನಾಲ್ಕು ವರ್ಷ ಹಬ್ಬಹಬ್ಬಕ್ಕೂ ಹೋಳಿಗೆ ಕಳಿಸಿದವಳು. ಗೋಡೆಯ ಮೇಲಿದ್ದ ಬುದ್ಧನನ್ನು ಶೋಕಿಯ ಪಟವೆಂದು ತಿಳಿದು ಮೆಚ್ಚಿದವಳು. ಸರೋಜಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಭಾಷಣವಾಗಿ ಹದಿನೈದು ದಿನಕ್ಕೆ ಅವಳ ಮಗಳಿಗೆ ಇದ್ದಕ್ಕಿದ್ದಂತೆ ಮನೆ ಬೇಕಾಯಿತು. ನಾನು ಜಗಳಕ್ಕೆ ಹೋದೆ.

“ನಮಗೇನಿಲ್ಲ ಕಣಮ್ಮ,” ಎಂದಳು. “ಅಕ್ಕಪಕ್ಕದೋರು ಸುಮ್ಕಿರ್ತಾರಾ? ನಾಕು ವರ್ಸ ನಂಗೂ ಗೊತ್ತಿರ್ನಿಲ್ಲ, ನೆಮ್ಮದಿಯಾಗಿದ್ವಿ. ನೀವೇ ತಾನೆ ಮೈಕಲ್ಲಿ ಕೂಗಿದ್ದು?”

ಅವಳು ಮಾಡಿದ್ದು ತಪ್ಪು. ಅದು ಅಸ್ಪೃಶ್ಯತೆ, ಬೇರೆ ಹೆಸರಿಲ್ಲ. ಆದರೆ ಆ ಕೊನೆಯ ಪ್ರಶ್ನೆಗೆ ನನ್ನ ಚೀಲದಲ್ಲಿ ಮನವಿಪತ್ರ ಇರಲಿಲ್ಲ.

ದೂರು ಕೊಡೋಣ, ಧರಣಿ ಕೂರೋಣ ಎಂದು ಸರೋಜಮ್ಮನವರ ಬಾಗಿಲಿಗೆ ಓಡಿದೆ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. “ನನ್ನ ಮನೆ ಮುಂದೆ ಶಾಮಿಯಾನ ಹಾಕ್ಸಿ ಮತ್ತೆ ನನ್ನನ್ನ ಎದ್ದು ನಿಲ್ಲಿ ಅಂತೀರಾ?” ಎಂದರು. ಆ ವಾರವೇ ಬೇಲೂರಿಗೆ ತಂಗಿಯ ಮನೆಗೆ ಹೊರಟುಹೋದರು.

ಚಳಿಗಾಲದಲ್ಲಿ ಕೊಡೆ ಹಿಡಿದು ಬೇಲೂರಿಗೆ ಹೋದೆ. ಕ್ಷಮೆಯನ್ನು ಎರಡು ಹಾಳೆಯಲ್ಲಿ ಬರೆದುಕೊಂಡಿದ್ದೆ. ರೂಢಿ ಬಿಡದು ನೋಡಿ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ನಾನು ಹಾಳೆ ಬಿಚ್ಚುವುದನ್ನು ಕಂಡು ಕೈ ಅಡ್ಡ ಹಿಡಿದರು.

“ಓದ್ಬೇಡಿ ಟೀಚರ್. ನೀವು ಹೇಳಿದ್ರಲ್ಲಿ ಒಂದೂ ಸುಳ್ಳಿರಲಿಲ್ಲ. ಆದ್ರೆ ಅದು ನಂದು. ಹುಟ್ಟಿದಾಗಿಂದ ಎಲ್ಲರೂ ನನ್ನ ಹತ್ರ ಅದೊಂದನ್ನೇ ಮಾತಾಡಿದ್ದು. ಬೈಯೋರೂ ಅದೇ, ಅಯ್ಯೋ ಅನ್ನೋರೂ ಅದೇ. ಮಳೆ ಬಿಸಿಲು ಮಾತಾಡೋಕೆ ನಂಗೆ ಯಾರಿದ್ರು, ಹೇಳಿ? ಅದಕ್ಕೇ ಏರಿ ಮೇಲೆ ಬರ್ತಿದ್ದೆ.”

ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ. ಅವರೇ, “ಇಲ್ಲಿ ಈ ಸಲ ಚಳಿ ಜಾಸ್ತಿ. ಅರಸೀಕೆರೆಲಿ ಹೇಗೆ?” ಎಂದರು. ನನ್ನೆದೆ ಒಂದು ಕ್ಷಣ ಹಗುರವಾಯಿತು. ಮುಖ ನೋಡಿದೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳೊಂದಿಗೆ ಆಡುವ ಮಾತು ಅದು. ನಾಲ್ಕು ವರ್ಷ ನಮ್ಮಿಬ್ಬರಿಗೆ ಬಾಗಿಲಾಗಿದ್ದ ಹವಾಮಾನವನ್ನು ಅವರು ಅಂದು ಮೆಲ್ಲಗೆ, ಮರ್ಯಾದೆಯಿಂದ, ಚಿಲಕವಾಗಿ ಹಾಕಿದರು. ಕೊಡೆಯನ್ನೂ ತೆಗೆದುಕೊಳ್ಳಲಿಲ್ಲ. “ಇಟ್ಕೊಳ್ಳಿ, ಇಲ್ಲಿ ಆಡೋಕೆ ಜಾಗ ಇಲ್ಲ.”

ಇಂದು ಆ ಕೊಡೆ ಬಿಚ್ಚಿಕೊಂಡು ಏರಿಗೆ ಹೋದೆ. ಅರ್ಧ ದಾರಿಯಲ್ಲಿ ಮಳೆ ನಿಂತಿತು. ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಹೆಂಗಸೊಬ್ಬರು ಜೊತೆಯಾದರು. ಒಳ್ಳೆಯವರೇ. ನಾಲ್ಕು ಹೆಜ್ಜೆ ಹಾಕಿ ದನಿ ತಗ್ಗಿಸಿದರು.

“ನಿಮ್ ಜೊತೆ ಮುಂಚೆ ಒಬ್ರು ಬರ್ತಿದ್ರಂತಲ್ಲ, ಆ ವಿಡಿಯೋದಲ್ಲಿ ಎದ್ದು ನಿಂತ್ಕೋತಾರಲ್ಲ, ಅವರೇನಾ? ಪಾಪ. ಯಾವ ಜನ ಅಂದ್ರಿ ಅವರು?”

ಈ ಪ್ರಶ್ನೆಯ ಮೇಲೆ ನಾನು ಒಂದು ಗಂಟೆ ಮಾತನಾಡಬಲ್ಲೆ. ಮಾತನಾಡಿದ್ದೇನೆ.

“ಅವರು ಗಾಲ್ಫ್ ಆಡುತ್ತಿದ್ದರು,” ಎಂದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿ ಮುಂದೆ ನಡೆದರು. ಕೊಡೆ ಮಡಚಿ ತಲೆಕೆಳಗು ಹಿಡಿದೆ. ಕಾಲ ಬಳಿ ಬಿದ್ದಿದ್ದ ಹರಳಿಗೆ ಹೊಡೆದೆ. ಅದು ಕಲ್ಲುಗಂಬದತ್ತ ಹೋಗದೆ ಓರೆಯಾಗಿ ಉರುಳಿ ಅದೇ ಮುಳ್ಳಿನ ಪೊದೆಯಲ್ಲಿ ಸಿಕ್ಕಿಕೊಂಡಿತು. ಸುತ್ತ ಯಾರೂ ಇರಲಿಲ್ಲ, ಎತ್ತಿಡಬಹುದಿತ್ತು. ಎತ್ತಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಮುಳ್ಳಿನ ಮುಂದೆ ಕಾಲೂರಿ ನಿಂತೆ.